ಕಾಗೆಯ ಹತ್ತಿರ ಹೇಳಿದ ಮಾತು

ಶೋಳಿಂಗನಲ್ಲೂರಿನ ನಮ್ಮ ಫ್ಲ್ಯಾಟಿನ ಬಾಲ್ಕನಿಗೆ ನಿನ್ನೆ ಒಂದು ಕಾಗೆ ಬಂತು. ಒಳಗೆ ಬಿಸಿ ಅನ್ನಕ್ಕೆ ಆಗಷ್ಟೇ ತುಪ್ಪ ಹಾಕಿದ್ದೆ. ಆ ಘಮಕ್ಕೂ ಆ ಕಾಗೆಗೂ ನಾನು ಬೆಳೆದ ಕೀಲ್ಪಾಕಿನಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಮಾಮಿ ನೆನಪಾಗಿಬಿಟ್ಟರು...

ಮಾಮಿಗೂ ಅವರ ಅತ್ತೆಗೂ ಮಾತಿರಲಿಲ್ಲ. ಯಾವ ಕಾಲದ ಮುನಿಸೋ, ಇಬ್ಬರಿಗೂ ಮರೆತೇ ಹೋಗಿತ್ತು. ಆದರೆ ದಿನಾ ಊಟಕ್ಕೆ ಮುಂಚೆ ಮಾಮಿ ಹಿತ್ತಲ ಗೋಡೆಯ ಮೇಲೆ ಕಾಗೆಗೆ ಅನ್ನ ಇಡುವಾಗ ಅತ್ತೆಯೂ ಬಂದು ಹೊಸ್ತಿಲ ಹತ್ತಿರ ಕೂರುತ್ತಿದ್ದರು.

“ಏ ಕಾಗೆ, ನಿನ್ನೆ ಹುಳಿಗೆ ಉಪ್ಪೇ ಇರಲಿಲ್ಲ ಅಂತ ಇವಳಿಗೆ ಹೇಳು.”

“ಬಿಪಿ ಇರೋರಿಗೆ ಅಷ್ಟು ಉಪ್ಪು ಪೋದುಮ್, ಅಷ್ಟೇ ಸಾಕು ಅಂತ ಹೇಳು, ಕಾಗೆ,” ಎನ್ನುತ್ತಿದ್ದರು ಮಾಮಿ.

ಗೋಡೆಯ ಈಚೆ ನಾನು ಬಿದ್ದು ಬಿದ್ದು ನಗುತ್ತಿದ್ದೆ. ಕಾಗೆ ಮಾತ್ರ ತನ್ನ ಪಾಡಿಗೆ ಅನ್ನ ಮುಗಿಸಿ ಹಾರಿಹೋಗುತ್ತಿತ್ತು.

ನಮ್ಮಪ್ಪ ಆಡಿಟ್ ಕೆಲಸದವರು. ಅವರಿಗೆ ಕಣ್ಣಿಗೆ ಕಂಡದ್ದಷ್ಟೇ ಸತ್ಯ. “ಒಂದೇ ಮನೇಲಿದ್ದು ಮುಖ ಕೊಟ್ಟು ಮಾತಾಡಲ್ಲ. ವಯಸ್ಸಾದವರಿಗೆ ಇದೇನು ಶಿಕ್ಷೆ ರೀ? ಮಗಳ ಮನೇಲಾದ್ರೂ ನೆಮ್ಮದಿಯಾಗಿರಲಿ,” ಎಂದು ಮಾಮಿಯ ಗಂಡನಿಗೆ ಬುದ್ಧಿ ಹೇಳಿದರು. ಅದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ನನಗೆ ಇವತ್ತಿಗೂ ಸಂಕಟ ಅದೇ. ಅತ್ತೆಯನ್ನು ನುಂಗಂಬಾಕ್ಕಂನಲ್ಲಿದ್ದ ಅವರ ಮಗಳ ಮನೆಗೆ ಕಳಿಸಿದರು. ಅತ್ತೆ ಸೊಸೆ ಇಬ್ಬರಲ್ಲಿ ಒಬ್ಬರಾದರೂ ಬೇಡ ಅನ್ನಬಾರದಿತ್ತೇ! ಹಾಳು ಹಟ... ಆಟೋ ಹತ್ತುವಾಗ ಅತ್ತೆ ತಿರುಗಿ ನೋಡಿದ್ದು ಹಿತ್ತಲಿನ ಕಡೆಗೆ.

ಆಮೇಲೆ ಮಾಮಿ ಅನ್ನವಿಟ್ಟು ಖಾಲಿ ಹೊಸ್ತಿಲ ಕಡೆ ತಿರುಗಿ ನೋಡುತ್ತಿದ್ದರು. ಅಲ್ಲಿ ಮಗಳ ಮನೆಯಲ್ಲಿ ಎಲ್ಲರೂ ಅತ್ತೆಯನ್ನು ಚೆನ್ನಾಗಿಯೇ ಮಾತಾಡಿಸುತ್ತಿದ್ದರಂತೆ. ಆದರೂ ಆ ಮಳೆಗಾಲ ಮುಗಿಯುವಷ್ಟರಲ್ಲಿ ಅವರು ತೀರಿಕೊಂಡರು.

ತೀರಿಕೊಂಡವರು ಕಾಗೆಯಾಗಿ ಬಂದು ಉಣ್ಣುತ್ತಾರೆ ಎಂಬ ನಂಬಿಕೆ ನಮ್ಮದು. ತಿಥಿಯ ದಿನ ಅದೇ ಗೋಡೆಯ ಮೇಲೆ ಬಾಳೆಎಲೆಯಲ್ಲಿ ಎಡೆ ಇಟ್ಟರು. ಕಾಗೆ ಬಂದು ಕೂತಿತು, ಎಲೆ ಮುಟ್ಟಲಿಲ್ಲ. ಮಗ ಕೈ ಮುಗಿದ, ಮಗಳು ಅತ್ತಳು. ಏನು ಮಾಡಿದರೂ ಅದು ಕದಲಲಿಲ್ಲ. ಕೊನೆಗೆ ಮಾಮಿ ಸೆರಗು ಸಿಕ್ಕಿಸಿಕೊಂಡು ಮುಂದೆ ಬಂದರು.

“ಅತ್ತೆ, ಉಪ್ಪು ಸರಿಯಾಗಿ ಹಾಕಿದೀನಿ. ಊಟಕ್ಕೆ ಬನ್ನಿ.”

ಮಾಮಿ ಅವರನ್ನು ನೇರವಾಗಿ ಕರೆದದ್ದನ್ನು ನಾನು ಕೇಳಿದ್ದು ಅದೇ ಮೊದಲು. ಕಾಗೆ ಎಲೆಗೆ ಬಾಯಿ ಹಾಕಿತು. ಅಪ್ಪ ತಲೆ ತಗ್ಗಿಸಿ ನಿಂತಿದ್ದರು.

ಈಗ ಮಾಮಿಯೂ ಇಲ್ಲ, ಆ ಗೋಡೆಯನ್ನೂ ಕೆಡವಿದ್ದಾರೆ. ನಿನ್ನೆ ಬಾಲ್ಕನಿಯ ಕಟ್ಟೆಯ ಮೇಲೆ ಒಂದು ತುತ್ತು ತುಪ್ಪದನ್ನ ಇಟ್ಟೆ.

“ಮಾಮಿ, ಅಲ್ಲಾದ್ರೂ ಇಬ್ಬರೂ ಮಾತಾಡ್ತಿದೀರಾ?” ಎಂದು ಕೇಳಿಯೇಬಿಟ್ಟೆ.

ಕಾಗೆ ತನ್ನ ಪಾಡಿಗೆ ಅನ್ನ ಮುಗಿಸಿ ಹಾರಿಹೋಯಿತು.