ಹಳೇ ಗಾಡಿಗೆ ಇಷ್ಟು ಸಾಕಾ?

ನಮ್ಮ ಪದ್ಮತ್ತೆಯ ಬಾಯಿಂದ ಒಂದು ಕೆಟ್ಟ ಮಾತು ಬಂದದ್ದನ್ನು ನಾನು ಮೊದಲ ಸಲ ಕೇಳಿದ್ದು ಒಂದು ರೋಡ್ ಹಂಪ್ ಮೇಲೆ.

ಅದೇನು ಮಾತು ಎಂದು ಕೇಳಬೇಡಿ, ಇಲ್ಲಿ ಅಚ್ಚು ಮಾಡುವುದಿಲ್ಲ. ಪದ್ಮತ್ತೆ ಎಂದರೆ ನಮ್ಮಪ್ಪನ ತಂಗಿ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದವರು. ಟ್ರಂಕ್ ಕಾಲ್ ಸಿಗದ ಸಿಟ್ಟಿಗೆ ಇಡೀ ಊರು ಬೈದರೂ ‘ಲೈನಲ್ಲೇ ಇರಿ ಸಾರ್’ ಎಂದು ಮೆತ್ತಗೆ ಹೇಳಿಕೊಂಡೇ ರಿಟೈರ್ ಆದವರು. ಮದುವೆ ಮಾಡಿಕೊಳ್ಳಲಿಲ್ಲ. ಈಗ ವಸಂತಪುರದಲ್ಲಿ ನಮ್ಮ ಜೊತೆ ಇದ್ದಾರೆ. ಇತ್ತೀಚೆಗೆ ಸೊಂಟದ ಆಪರೇಷನ್ ಆಯಿತು. ದಿನ ಬಿಟ್ಟು ದಿನ ಅವರನ್ನು ಜಯನಗರಕ್ಕೆ ಫಿಸಿಯೋಥೆರಪಿಗೆ ಕರೆದುಕೊಂಡು ಹೋಗುವುದು ನನ್ನ ಡ್ಯೂಟಿ.

ನನ್ನ ಕಾರು ಹಳೆಯದು. ಆ ಮಾಡೆಲ್ ತಯಾರಾಗುವುದು ನಿಂತೇ ಎಷ್ಟೋ ಕಾಲವಾಯಿತು. ಆದರೆ ಎಂಜಿನ್ ಗಟ್ಟಿಯಾಗಿದೆ, ಎಸಿ ತಣ್ಣಗಿದೆ, ಕೀ ತಿರುಗಿಸಿದರೆ ಒಂದೇ ಸಲಕ್ಕೆ ಸ್ಟಾರ್ಟ್ ಆಗುತ್ತದೆ. ಹೋಗಿದ್ದು ಮುಂದಿನ ಶಾಕ್ ಅಬ್ಸಾರ್ಬರ್ ಮಾತ್ರ. ಹಂಪ್ ದಾಟಿದ ಮೇಲೂ ಗಾಡಿ ತೊಟ್ಟಿಲಿನ ಹಾಗೆ ತೂಗುತ್ತಿತ್ತು. ಸಣ್ಣ ಗುಂಡಿಗೂ ಧಡ್ ಎಂದು ಕುಕ್ಕುತ್ತಿತ್ತು. ಆ ಕುಕ್ಕು ನೇರವಾಗಿ ಅತ್ತೆಯ ಸೊಂಟಕ್ಕೇ ಹೋಗುತ್ತಿತ್ತು. (ವಸಂತಪುರದಿಂದ ಜಯನಗರಕ್ಕೆ ಎಷ್ಟು ಗುಂಡಿ ಎಂದು ಎಣಿಸಿಲ್ಲ. ಎಣಿಸುತ್ತಾ ಕೂತರೆ ಗಾಡಿ ಓಡಿಸುವವರು ಯಾರು?)

ಸರಿ, ಮೊದಲು ದೊಡ್ಡ ಸರ್ವಿಸ್ ಸೆಂಟರಿಗೆ ಹೋದೆ. ಇಸ್ತ್ರಿ ಮಾಡಿದ ಶರ್ಟಿನ ಹುಡುಗ ಟ್ಯಾಬ್ ಹಿಡಿದು ಬಂದ. ಅವನ ಮೊದಲ ಪ್ರಶ್ನೆ, “ಸರ್ ಬಂದಿಲ್ವಾ ಮೇಡಂ?” ನಮ್ಮ ಮನೆಯ ಸರ್‌ಗೆ ಸ್ಟೆಪ್ನಿ ಎಲ್ಲಿರುತ್ತದೆ ಎಂಬುದೂ ಗೊತ್ತಿಲ್ಲ. ಅದನ್ನೇ ಹೇಳಿದೆ. ಅವನು ನಗಲಿಲ್ಲ. ಕಾರಿನ ಬಾನೆಟ್ ಕೂಡ ಮುಟ್ಟದೆ, ಮುಂದಿನದು, ಹಿಂದಿನದು, ಅದರ ಸುತ್ತಲಿನದು ಎಲ್ಲ ಬದಲಾಯಿಸಬೇಕು ಎಂದ. ಇಷ್ಟು ಹಳೇ ಗಾಡಿಗೆ ಅಷ್ಟು ಹಾಕುವ ಬದಲು ಎಕ್ಸ್‌ಚೇಂಜ್ ಆಫರ್ ನೋಡಬಹುದಲ್ಲ ಎಂದೂ ಸೇರಿಸಿದ. ನಾನು ರಿಪೇರಿಗೆ ಬಂದಿದ್ದೆ. ಅವನು ನನ್ನನ್ನು ಶೋರೂಮಿಗೆ ತಿರುಗಿಸುತ್ತಿದ್ದ. ಎದ್ದು ಬಂದೆ.

ಬಿಟಿಎಂ ಲೇಔಟಿನಲ್ಲಿ ನಮ್ಮ ಮೆಕ್ಯಾನಿಕ್ ಈರಣ್ಣನ ಶೆಡ್ ಇದೆ. ಗದಗದ ಕಡೆಯವನು. ಅವನು ನೋಡಿ, ಹಿಂದಿನದಕ್ಕೆ ಏನೂ ಆಗಿಲ್ಲ, ಮುಂದಿನ ಎರಡೂ ಸೋರುತ್ತಿವೆ ಎಂದ. ಒಳಗಿನ ಎಣ್ಣೆ ಖಾಲಿಯಾದರೆ ಸ್ಪ್ರಿಂಗಿನ ಕುಣಿತಕ್ಕೆ ಲಗಾಮಿಲ್ಲ ಎಂದು ವಿವರಿಸಿದ. ಪಾರ್ಟ್ ನೀವೇ ತಂದುಕೊಡಿ, ಹಾಕಿಕೊಡುತ್ತೇನೆ ಅಂದ.

ಹಾಗಾಗಿ ವಿಲ್ಸನ್ ಗಾರ್ಡನ್ ಕಡೆಯ ಒಂದು ಸ್ಪೇರ್ ಪಾರ್ಟ್ಸ್ ಅಂಗಡಿಗೆ ಹೋದೆ. ಮಾಲೀಕರು ಊದುಬತ್ತಿಯ ಹೊಗೆಯ ನಡುವೆ ಕೂತಿದ್ದರು. ಹಣೆಯಲ್ಲಿ ಕುಂಕುಮ, ಮಾತಿನಲ್ಲಿ ಜೇನು. ಕಂಪನಿಯದು ಒಂದು, ಅದಕ್ಕಿಂತ ಅಗ್ಗದ್ದು ಒಂದು, ‘ಬಜೆಟ್’ ಒಂದು ಎಂದು ಡಬ್ಬಿಗಳನ್ನು ಸಾಲಾಗಿ ಇಟ್ಟರು. ಬಜೆಟ್ ಡಬ್ಬಿ ತೆಗೆದು ನೋಡಿದೆ. ಫಳಫಳ ಹೊಳೆಯುವ ಕಪ್ಪು ಬಣ್ಣ. ಇದು ಹೊಸದೇ ತಾನೆ, ಹಳೆಯದನ್ನು ರಿಪೇರಿ ಮಾಡಿದ್ದಲ್ಲ ತಾನೆ ಎಂದು ಬಿಡಿಸಿ ಕೇಳಿದೆ. ಅವರು ಗೋಡೆಯ ಲಕ್ಷ್ಮಿ ಫೋಟೋ ತೋರಿಸಿದರು.

“ಅಮ್ಮನ ಮುಂದೆ ಕೂತಿದೀನಿ ಮೇಡಂ. ಸುಳ್ಳು ಹೇಳ್ತೀನಾ?”

ಇಲ್ಲೊಂದು ಮಾತು. ಅಗ್ಗದ್ದನ್ನು ಕೇಳುವುದು ತಪ್ಪಾ? ಹಳೆಯ ಕಾರಿಗೆ ಬಜೆಟ್ ಶಾಕ್ ಅಬ್ಸಾರ್ಬರ್ ಹಾಕಿಸುವುದರಲ್ಲಿ ನಾಚಿಕೆಪಡುವಂಥದ್ದೇನಿದೆ? ಕಡಿಮೆ ಬೆಲೆ, ಕಡಿಮೆ ಬಾಳಿಕೆ. ಅದು ವ್ಯಾಪಾರ. ಒಪ್ಪಿಕೊಂಡೇ ಕೊಳ್ಳುತ್ತೇವೆ. ಸೀರೆ, ಚಪ್ಪಲಿ, ಮಿಕ್ಸಿ ಎಲ್ಲದಕ್ಕೂ ಇದೇ ಲೆಕ್ಕ.

ಈರಣ್ಣ ಹಾಕಿಕೊಟ್ಟ. ಮೊದಲ ವಾರ ಸ್ವರ್ಗ. ಅತ್ತೆ ಹಿಂದಿನ ಸೀಟಿನಲ್ಲಿ ನಿದ್ದೆ ಮಾಡಿದರು! ವಾಕರ್ ಬಿಟ್ಟು ಊರುಗೋಲಿಗೆ ಬಂದರು. ಫಿಸಿಯೋ ಹುಡುಗಿ ಚಪ್ಪಾಳೆ ತಟ್ಟಿದಳಂತೆ. ಇನ್ನೊಂದು ತಿಂಗಳಿಗೆ ಗಾಂಧಿ ಬಜಾರಿನಲ್ಲಿ ನಾನೇ ನಡೆದಾಡಿ ಹೂವು ತರುತ್ತೇನೆ ಎಂದು ಅತ್ತೆ ಪ್ಲಾನ್ ಹಾಕಿದರು.

ಆಮೇಲೆ ಒಂದು ಮಧ್ಯಾಹ್ನ ವಾಪಸ್ ಬರುವಾಗ ಕನಕಪುರ ರಸ್ತೆಯಲ್ಲಿ ಎದುರಿಗೆ ಬೈಕ್ ಒಂದು ಅಡ್ಡ ಬಂತು. ಬ್ರೇಕ್ ಒತ್ತಿದೆ. ಎಡಗಡೆ ಟಡಕ್ ಎಂದು ಸದ್ದಾಯಿತು. ಕಾರಿನ ಮೂತಿ ಕುಸಿದು ಎಡಕ್ಕೆ ಎಳೆದುಕೊಂಡು ಹೋಗಿ ಗುಂಡಿಗೆ ಬಿತ್ತು. ತಿರುಗಿ ನೋಡಿದರೆ ಅತ್ತೆ ಎರಡೂ ಕೈಯಲ್ಲಿ ಮುಂದಿನ ಸೀಟು ಹಿಡಿದು, ಕಣ್ಣು ಮುಚ್ಚಿ, ಉಸಿರು ಬಿಗಿಹಿಡಿದು ಕೂತಿದ್ದರು.

ಆಟೋ ಹತ್ತಿಸಿ ಆಸ್ಪತ್ರೆಗೆ ಓಡಿದೆ. ಎಕ್ಸ್‌ರೇ ಆಯಿತು. ಮೂಳೆ ಮುರಿದಿಲ್ಲ ಎಂದು ಡಾಕ್ಟರ್ ಹೇಳಿದರು. ಆದರೆ ಊರುಗೋಲು ಮೂಲೆಗೆ ಹೋಯಿತು. ವಾಕರ್ ವಾಪಸ್ ಬಂತು. ಅತ್ತೆ ಹೂವಿನ ಮಾತು ಮತ್ತೆ ಎತ್ತಲಿಲ್ಲ.

ಕಾರನ್ನು ಎಳೆಸಿಕೊಂಡು ಹೋದ ಈರಣ್ಣ ಮಾರನೆಯ ದಿನ ಫೋನ್ ಮಾಡಿ ಕರೆದ. ಬಿಚ್ಚಿದ ಶಾಕ್ ಅಬ್ಸಾರ್ಬರ್ ಎಣ್ಣೆಯಲ್ಲಿ ತೊಯ್ದು ಬಿದ್ದಿತ್ತು. ಸ್ಕ್ರೂಡ್ರೈವರಿನಿಂದ ಕೆರೆದ. ಕಪ್ಪು ಬಣ್ಣ ಎದ್ದು ಬಂತು. ಅದರ ಕೆಳಗೆ ನೀಲಿ. ನೀಲಿಯ ಕೆಳಗೆ ತುಕ್ಕು. ಒಂದು ಕಡೆ ತೂತು ಕೊರೆದು ಎಣ್ಣೆ ತುಂಬಿಸಿ ವೆಲ್ಡಿಂಗ್ ಮಾಡಿ ಮುಚ್ಚಿದ ಗಂಟು. ಬಲಗಡೆಯದೂ ಹಾಗೇ.

“ಹಳೀ ಮಾಲಿಗೆ ಬಣ್ಣ ಹಚ್ಯಾರ್ರೀ ಅಕ್ಕಾರ,” ಅಂದ.

ಹಾಕುವಾಗ ಗೊತ್ತಾಗಲಿಲ್ಲವಾ ಎಂದು ಕೇಳಿದೆ. ಅನುಮಾನ ಬಂದಿತ್ತು, ನೀವು ಕೇಳಿದ್ದರೆ ಹೇಳುತ್ತಿದ್ದೆ ಎಂದು ತಲೆ ಕೆರೆದುಕೊಂಡ. ನನ್ನ ಪಿತ್ತ ನೆತ್ತಿಗೇರಿತು. ಕೇಳಬೇಕು ಎಂದು ಗೊತ್ತಿದ್ದರೆ ಕೇಳುತ್ತಿರಲಿಲ್ಲವೇ? ಗಿರಾಕಿ ಬಾಯಿ ಬಿಡುವವರೆಗೆ ಸುಮ್ಮನಿರುವ ಈ ಸಭ್ಯತೆಯನ್ನು ನಮಗೆ ಕಲಿಸಿದವರು ಯಾರು?

ವಿಲ್ಸನ್ ಗಾರ್ಡನ್ನಿಗೆ ಒಬ್ಬಳೇ ಹೊರಟಿದ್ದೆ. ಅತ್ತೆ ಸೀರೆ ಉಟ್ಟುಕೊಂಡು ಬಾಗಿಲಲ್ಲಿ ನಿಂತಿದ್ದರು. ಏಟು ತಿಂದದ್ದು ನನ್ನ ಸೊಂಟ, ನಾನೂ ಬರುತ್ತೇನೆ ಎಂದರು. ಆಟೋದಲ್ಲಿ ವಾಕರ್, ಅತ್ತೆ, ಪೇಪರಿನಲ್ಲಿ ಸುತ್ತಿದ ಶಾಕ್ ಅಬ್ಸಾರ್ಬರ್‌ಗಳು ಮತ್ತು ನಾನು.

ಮಾಲೀಕರಿಗೆ ಮೊದಲು ನನ್ನ ಗುರುತೇ ಹತ್ತಲಿಲ್ಲ. ಹತ್ತಿದ ಮೇಲೆ ಫಿಟ್ಟಿಂಗ್ ಸರಿಯಿಲ್ಲ ಎಂದರು. ಕೆರೆದ ಜಾಗ ತೋರಿಸಿದೆ. ಆಗ ಬಂತು ಆ ಮಾತು, ಸಮಾಧಾನ ಹೇಳುವ ಧಾಟಿಯಲ್ಲಿ.

“ಹಳೇ ಗಾಡಿ ಮೇಡಂ. ಇನ್ನೆಷ್ಟು ದಿನ ಓಡಿಸ್ತೀರಾ? ಅದಕ್ಕೆ ಇಷ್ಟು ಸಾಕು.”

ಇಷ್ಟು ಸಾಕು! ಯಾರು ತೀರ್ಮಾನ ಮಾಡಿದ್ದು? ಹಳೇ ಕಾರಿಗೆ ಬ್ರೇಕ್ ಅರ್ಧ ಹಿಡಿದರೆ ಸಾಕಾ? ಹಳೇ ಅಪಾರ್ಟ್‌ಮೆಂಟಿನ ಲಿಫ್ಟ್ ನಡುವೆ ನಿಂತರೂ ಸಾಕಾ? ವಯಸ್ಸಾದವರಿಗೆ ಡಾಕ್ಟರ್ ಮುಖ ನೋಡದೆ ಮಾತ್ರೆ ಬರೆದುಕೊಟ್ಟರೆ ಸಾಕಾ? ಹೊಸದು ಕೊಳ್ಳಲಾಗದವರಿಗೆ ಪ್ರಾಣವೂ ಸೆಕೆಂಡ್ ಹ್ಯಾಂಡಾ? ಗಾಡಿ ಹಳೆಯದಿರಬಹುದು ಸ್ವಾಮಿ, ಗುಂಡಿ ದಿನಾ ಹೊಸದು.

ಇಷ್ಟನ್ನೂ ಜೋರಾಗಿಯೇ ಹೇಳಿದೆ. ರಸ್ತೆಯ ಆಚೆಗೂ ಕೇಳಿಸಿರಬೇಕು. ಮಾಲೀಕರು ನನಗೆ ಕುಡಿಯಲು ನೀರು ತರಿಸಿದರು. ಕಿರುಚುವ ಗಿರಾಕಿಗಳು ಅವರಿಗೆ ಅಭ್ಯಾಸವಿದ್ದಂತಿತ್ತು.

ಅತ್ತೆ ಕಿರುಚಲಿಲ್ಲ. ಕೂರಲು ಒಂದು ಸ್ಟೂಲ್ ಕೇಳಿದರು. ವಯಸ್ಸಾದವರು, ಪಾಪ ಎಂದು ಮಾಲೀಕರೇ ತಂದುಕೊಟ್ಟರು. ಅದನ್ನು ಅಂಗಡಿಯ ಬಾಗಿಲಿಗೆ ಹಾಕಿಸಿಕೊಂಡು, ಸೋರುವ ಶಾಕ್ ಅಬ್ಸಾರ್ಬರನ್ನು ತೊಡೆಯ ಮೇಲಿನ ಪೇಪರಿನಲ್ಲಿ ಇಟ್ಟುಕೊಂಡು ಕೂತರು. ಒಳಗೆ ಬರುತ್ತಿದ್ದ ಪ್ರತಿಯೊಬ್ಬರಿಗೂ ಅದೇ ಹಳೆಯ ಎಕ್ಸ್‌ಚೇಂಜ್ ದನಿ, ಅದೇ ಮರ್ಯಾದೆ.

“ಒಂದ್ನಿಮಿಷ ಸಾರ್. ಇದು ಇಲ್ಲೇ ಹೊಸದು ಅಂತ ತಗೊಂಡಿದ್ದು. ನೋಡ್ಕೊಂಡು ಒಳಗೆ ಹೋಗಿ.”

ಕೆಲವರು ಬಗ್ಗಿ ನೋಡಿದರು. ಕೆಲವರು ಮುಟ್ಟಿ ನೋಡಿದರು. ಬೈಕ್ ತಿರುಗಿಸಿಕೊಂಡು ಹೋದವರೂ ಇದ್ದರು. ಮಾಲೀಕರ ಮಾತಿನ ಜೇನು ನಿಧಾನವಾಗಿ ಆರಿತು. ಮಾಲೀಕರು ನೋಟು ಹಿಡಿದುಕೊಂಡು ಬಾಗಿಲಿಗೇ ಬಂದರು. ಪೂರ್ತಿ ರಿಟರ್ನ್ ಮಾಡುತ್ತೇನೆ, ದಯವಿಟ್ಟು ಮೇಲೇಳಿ ಎಂದರು. ಇನ್ನೊಂದು ಕೈ ಶಾಕ್ ಅಬ್ಸಾರ್ಬರಿನ ಕಡೆ ಚಾಚಿದರು.

ಅತ್ತೆ ಅದರ ಮೇಲೆ ಕೈ ಇಟ್ಟರು.

“ಇದನ್ನ ಏನ್ಮಾಡ್ತೀರಾ?”

“ರಿಟರ್ನ್ ಅಂದ್ಮೇಲೆ ಪೀಸ್ ನಮಗೇ ತಾನೇ ಅಮ್ಮ.”

“ಮತ್ತೆ ಬಣ್ಣ ಹಚ್ತೀರಾ?”

ಈ ಸಲ ಅವರು ಲಕ್ಷ್ಮಿ ಫೋಟೋ ತೋರಿಸಲಿಲ್ಲ.

“ಹಾಗಾದ್ರೆ ದುಡ್ಡು ಬೇಡ,” ಎಂದು ಅತ್ತೆ ವಾಕರ್ ಹಿಡಿದು ಎದ್ದರು. (ಅದು ನನ್ನ ದುಡ್ಡು ಎಂಬುದು ಅವರಿಗೆ ನೆನಪಿದ್ದಂತೆ ಕಾಣಲಿಲ್ಲ. ನಾನೂ ನೆನಪಿಸಲಿಲ್ಲ.)

ಇಲ್ಲಿಗೆ ಕತೆ ಮುಗಿದಿದ್ದರೆ ಅತ್ತೆಗೆ ಜೈ ಅಂದು ಪೆನ್ನು ಮುಚ್ಚುತ್ತಿದ್ದೆ.

ಆಟೋಗೆ ಕಾಯುತ್ತಿದ್ದಾಗ ಅಂಗಡಿಯಿಂದ ಒಬ್ಬ ಕ್ಯಾಬ್ ಡ್ರೈವರ್ ಹೊರಗೆ ಬಂದ. ಆಗಿನಿಂದ ಕೌಂಟರಿನ ಪಕ್ಕ ನಿಂತು ಎಲ್ಲವನ್ನೂ ನೋಡುತ್ತಿದ್ದವನು. ಅವನ ಕಂಕುಳಲ್ಲಿ ಅದೇ ಬಜೆಟ್ ಡಬ್ಬಿ. ನೋಡಿಯೂ ತಗೊಂಡೆಯಲ್ಲಪ್ಪ ಎಂದು ಅತ್ತೆ ಕೇಳಿದರು. ಅವನು ತಲೆ ತಗ್ಗಿಸಿದ.

“ಎಲ್ಲಾ ನೋಡ್ದೆ ಅಮ್ಮ. ಗಾಡಿ ಶೆಡ್ಡಲ್ಲಿ ನಿಂತಿದೆ. ಕಂಪನಿ ಪೀಸಿಗೆ ದುಡ್ಡಿಲ್ಲ. ಇವತ್ತು ರೋಡಿಗೆ ಇಳೀಲಿಲ್ಲ ಅಂದ್ರೆ ಇಎಂಐ ಯಾರು ಕಟ್ತಾರೆ?”

ಹುಷಾರಾಗಿ ಓಡಿಸಪ್ಪ ಎಂದಷ್ಟೇ ಅತ್ತೆ ಹೇಳಿದರು.

ನಮ್ಮ ಎರಡು ಶಾಕ್ ಅಬ್ಸಾರ್ಬರ್‌ಗಳನ್ನು ಈರಣ್ಣ ಅತ್ತೆಯ ಎದುರೇ ಕಟಿಂಗ್ ಮಷೀನಿನಲ್ಲಿ ತುಂಡು ಮಾಡಿದ. ಬೇರೆ ಅಂಗಡಿಯಿಂದ, ಈ ಸಲ ಅವನನ್ನೂ ಜೊತೆಗೆ ಕರೆದುಕೊಂಡು ಹೋಗಿ, ಬಿಲ್ಲಿನ ಸಮೇತ ಹೊಸದು ತಂದೆ. ಅದೂ ಬಜೆಟ್ಟೇ. ಆದರೆ ಹೊಸದು. ಅತ್ತೆ ಈಗ ಮತ್ತೆ ಊರುಗೋಲಿಗೆ ಬರುವ ಪ್ರಯತ್ನದಲ್ಲಿದ್ದಾರೆ.

ನನ್ನ ಸಿಟ್ಟು ಮಾತ್ರ ಇಳಿದಿಲ್ಲ. ಆ ಡ್ರೈವರ್ ಮೇಲಲ್ಲ. ಗೊತ್ತಿದ್ದೂ ವಿಷ ಕೊಳ್ಳುವ ಸ್ಥಿತಿಗೆ ಅವನನ್ನು ತಂದು ನಿಲ್ಲಿಸಿ, ಅದಕ್ಕೆ ‘ಬಜೆಟ್’ ಎಂದು ಹೆಸರಿಟ್ಟಿದ್ದಾರಲ್ಲ, ಅದರ ಮೇಲೆ. ಅವನ ಕ್ಯಾಬ್ ಇವತ್ತು ಜೆ.ಪಿ. ನಗರದಲ್ಲೋ ಬನಶಂಕರಿಯಲ್ಲೋ ಯಾರನ್ನೋ ಕೂರಿಸಿಕೊಂಡು ಓಡುತ್ತಿರುತ್ತದೆ. ನಿಮ್ಮನ್ನೇ ಇರಬಹುದು. ನಿಮ್ಮ ಅಮ್ಮನನ್ನೂ ಇರಬಹುದು.

ಆ್ಯಪಿನಲ್ಲಿ ಡ್ರೈವರ್ ಹೆಸರು, ಗಾಡಿ ನಂಬರು, ರೇಟಿಂಗು ಎಲ್ಲ ತೋರಿಸುತ್ತಾರೆ. ಚಕ್ರದ ಹಿಂದೆ ಬಣ್ಣ ಬಳಿದು ಕೂರಿಸಿದ್ದನ್ನು ಯಾರು ತೋರಿಸುತ್ತಾರೆ?