ಮಾವನ ಮೂಗು

ಬೆಳಿಗ್ಗೆಯಿಂದ ನನ್ನ ಬಲಗೈ ಮೂಗಿನ ಹತ್ತಿರವೇ ಸುಳಿಯುತ್ತಿದೆ. ಸೋಪು ಹಾಕಿ ತೊಳೆದದ್ದಾಯಿತು, ಒಂದು ರಾಶಿ ಪಾತ್ರೆ ಉಜ್ಜಿದ್ದೂ ಆಯಿತು, ಆದರೂ ಬೆರಳಿನಿಂದ ಅವರೆಕಾಯಿಯ ಸೊಗಡು ಹೋಗಿಲ್ಲ. ನೀವು ಬೆಂಗಳೂರಿನವರಾದರೆ ಈ ಚಟದ ಬಗ್ಗೆ ಹೇಳಬೇಕಾಗಿಲ್ಲ. ಚಳಿ ಬಿತ್ತೆಂದರೆ ಬಸ್ಸಿನಲ್ಲಿ, ಆಫೀಸಿನಲ್ಲಿ ಒಳ್ಳೊಳ್ಳೆಯ ಮರ್ಯಾದಸ್ಥರೂ ಗುಟ್ಟಾಗಿ ಅಂಗೈ ಮೂಸಿಕೊಳ್ಳುತ್ತಾರೆ. ಹೊರಗಿನವರಾದರೆ ಇಷ್ಟು ತಿಳಿದುಕೊಳ್ಳಿ: ಚಳಿಗಾಲದ ಅವರೆಯ ಸಿಪ್ಪೆಯಲ್ಲಿ ಎಣ್ಣೆಯಂಥ ಒಂದು ಅಂಟಿರುತ್ತದೆ, ಅದರ ಘಾಟು ಬೆರೆತ ಘಮಕ್ಕೆ ಸೊಗಡು ಎಂದು ಹೆಸರು. ಅದಿದ್ದರೆ ಸಾರು, ಇಲ್ಲದಿದ್ದರೆ ಬೇಯಿಸಿದ ಕಾಳು. ಇವತ್ತು ವಿಜಯನಗರದ ಮಾರ್ಕೆಟ್ಟಿನಲ್ಲಿ ನಡೆದದ್ದನ್ನು ಹೇಳಬೇಕೆಂದೇ ಕೂತೆ. ಆದರೆ ಮಾವನ ಪರಿಚಯ ಮಾಡಿಸದೆ ಅದನ್ನು ಹೇಳಿ ಪ್ರಯೋಜನವಿಲ್ಲ.

ಮಾವ ಎಂದರೆ ಅಮ್ಮನ ತಮ್ಮ, ಹೇರೋಹಳ್ಳಿಯವರು. ಅವರ ರಾಗಿ ಹೊಲದ ನಡುನಡುವೆ ಅವರೆ ಸಾಲು ಇರುತ್ತಿತ್ತು. ಹೊಲ ಸೈಟುಗಳಾದವು, ಸೈಟುಗಳ ಮೇಲೆ ಮನೆಗಳೆದ್ದವು, ಮನೆಗಳಿಗೆ ಬಾಡಿಗೆಯವರು ಬಂದರು. ಮಾವ ಮಾತ್ರ ಇಂದಿಗೂ ಅಲ್ಲಿನ ಮೂರನೇ ಕ್ರಾಸಿಗೆ ‘ಅವರೆ ಸಾಲು’ ಎಂದೇ ಅನ್ನುತ್ತಾರೆ. ಗ್ಯಾಸ್ ಸಿಲಿಂಡರ್ ತರುವವನಿಗೆ ಫೋನಿನಲ್ಲಿ ಇದೇ ವಿಳಾಸ ಹೇಳಿ ಅವನನ್ನು ಹೇರೋಹಳ್ಳಿಯೆಲ್ಲ ಅಲೆಸಿದ್ದೂ ಉಂಟು. ತಿಂಗಳಾದರೆ ಕೈಗೆ ಬಾಡಿಗೆ ದುಡ್ಡು ಬರುವ ಮನುಷ್ಯ, ಚೌಕಾಸಿ ಮಾಡಿ ಉಳಿಸಬೇಕಾದ್ದೇನೂ ಇಲ್ಲ. ಆದರೂ ಭಾನುವಾರ ಸಂತೆಗೆ ಹೋಗದಿದ್ದರೆ ಅವರಿಗೆ ಸ್ನಾನ ಮಾಡದ ಹಾಗೆ ಮೈ ಕಡಿಯುತ್ತದೆ.

ನಾನು ಅವರ ಜೊತೆ ಸೇರಿಕೊಂಡದ್ದು ಒಂದು ಪ್ಲಾಸ್ಟಿಕ್ ಕವರಿನಿಂದ. ಬಸವೇಶ್ವರನಗರದ ನಮ್ಮ ಮನೆಗೆ ಅವರು ಬಂದಿದ್ದ ದಿನವೇ ನಾನು ಫೋನಿನಲ್ಲಿ ತರಿಸಿದ್ದ ಅವರೆಕಾಯಿಯೂ ಬಾಗಿಲಿಗೆ ಬಂತು. ಮಾವ ಕವರನ್ನು ಎತ್ತಿ ನೋಡಿ, ಕೆಳಗಿಟ್ಟು, “ಕಾಯಿ ನೋಡ್ದೇ ತರಿಸ್ದಾ? ಗಂಡು ನೋಡ್ದೇ ಮದ್ವೆ ಆದಂಗಾಯ್ತು ಕಣಮ್ಮ” ಎಂದರು. ನಾನು ಗಂಡನ್ನು ನೋಡಿಯೇ ಮದುವೆಯಾದವಳು, ಅದರಿಂದ ಅಂಥಾ ಲಾಭವೇನೂ ಆಗಿಲ್ಲ ಎನ್ನಬೇಕೆನ್ನಿಸಿತು. ಗಂಡ ಅಲ್ಲೇ ಪೇಪರು ಓದುತ್ತಾ ಕೂತಿದ್ದರು, ಸುಮ್ಮನಾದೆ. ಆಗಷ್ಟೇ ಮಾವನಿಗೆ ಮಂಡಿನೋವೆಂದು ಅವರ ಹೆಂಡತಿ, ನಮ್ಮತ್ತೆ, ಅವರ ಮೊಪೆಡ್ಡನ್ನು ಮಾರಿಸಿದ್ದರು. ನನ್ನ ಹತ್ತಿರ ಸ್ಕೂಟರಿತ್ತು. ಮುಂದಿನ ಭಾನುವಾರ ಬೆಳಕು ಹರಿಯುವ ಮೊದಲೇ ಮಾವ ಗೇಟಿನ ಬಳಿ ಕೈಚೀಲಗಳೊಂದಿಗೆ ನಿಂತಿದ್ದರು.

ಅಲ್ಲಿಂದ ಶುರುವಾಯಿತು ನಮ್ಮ ತಿರುಗಾಟ. ಮೊದಲು ಸಂಡೇ ಬಜಾರು. ಅಲ್ಲಿ ಬೀದಿಯ ಮೇಲೆ ಹಾಸಿದ ಟಾರ್ಪಾಲಿನಲ್ಲಿ ಏನಿಲ್ಲ ಹೇಳಿ: ಬೀಗವಿಲ್ಲದ ಕೀಲಿ, ಕೀಲಿಯಿಲ್ಲದ ಬೀಗ, ಹಿತ್ತಾಳೆ ನಲ್ಲಿ, ಮೈಕು, ಒಂಟಿ ಬೂಟು. ಒಂಟಿ ಬೂಟನ್ನು ಕೊಳ್ಳುವವರು ಯಾರೆಂದು ನಾನು ಕೇಳಿದರೆ, “ಇನ್ನೊಂದು ಬೂಟು ಇರೋನು” ಎಂದು ಮಾವ ನಡೆದೇ ಬಿಟ್ಟರು. ಅವರ ಚೌಕಾಸಿಯ ದಾರಿಯೇ ಬೇರೆ. ಬೇಕಾದ ವಸ್ತುವಿನ ಕಡೆ ತಿರುಗಿಯೂ ನೋಡುವುದಿಲ್ಲ. ಪಕ್ಕದ್ದನ್ನು ಎತ್ತಿ ತಿರುಗಿಸಿ, ಅದರ ಊರು ಕೇರಿ ವಿಚಾರಿಸಿ, ಕೆಳಗಿಟ್ಟು, ಹೊರಡುವ ಮುಂಚೆ ಬೇಕಾದದ್ದನ್ನು ಕಾಲ ತುದಿಯಲ್ಲಿ ತೋರಿಸಿ “ಇದೇನು, ಇದೂ ಮಾರಕ್ಕಾ?” ಎನ್ನುತ್ತಾರೆ. ಹೀಗೆ ಗೆದ್ದು ತಂದ ತಕ್ಕಡಿ ತಟ್ಟೆ, ಹಳೇ ಸೀಲಿಂಗ್ ಫ್ಯಾನಿನ ರೆಕ್ಕೆ, ಗಂಟೆ ಬಾರಿಸದ ಗಡಿಯಾರ ಎಲ್ಲವೂ ಅವರ ಮನೆಯ ಮಹಡಿಯಲ್ಲಿವೆ. ಅತ್ತೆ ಅತ್ತ ಹೋಗುವುದನ್ನೇ ಬಿಟ್ಟಿದ್ದಾರೆ.

ಆಮೇಲೆ ಬಿನ್ನಿಪೇಟೆಯ ಕಡೆ ಬಿದಿರಿನವರ ಹತ್ತಿರ ಮೊರ, ಮಂಕರಿ ನೋಡುವುದು. ಇನ್ನೊಂದು ವಾರ ಕೆಂಗೇರಿ ದಾರಿಯ ಮಡಕೆಯವರು. ಮಡಕೆಯನ್ನು ಮಾವ ಬೆರಳ ಗೆಣ್ಣಿನಿಂದ ತಟ್ಟಿ ಕಿವಿಗೆ ಹಿಡಿಯುತ್ತಾರೆ. ನನಗೆ ಎಲ್ಲಾ ಮಡಕೆಗಳೂ ಒಂದೇ ಥರ ಟಣ್ ಅಂದವು, ಆದರೂ ಗೋಣಾಡಿಸುತ್ತಿದ್ದೆ. ಹಾಗೆ ಗೋಣಾಡಿಸಿ ತಂದ ಮಡಕೆಯೊಂದು ಮನೆಯಲ್ಲಿ ನೀರು ಹಾಕಿದ ಕೂಡಲೇ ಅಡುಗೆಮನೆಯನ್ನೆಲ್ಲ ತೊಳೆದುಬಿಟ್ಟಿತು. ಆರಿಸಿದ್ದು ನಾನೇ ಎಂದು ಮಾವ ಇವತ್ತಿಗೂ ಸಾಧಿಸುತ್ತಾರೆ.

ಇಷ್ಟೆಲ್ಲ ಇದ್ದರೂ ಮಾವನ ಹೆಸರು ನಿಂತಿದ್ದು ಮೂಗಿನ ಮೇಲೆ. ಅವರೆಕಾಯಿಯ ಚೀಲಗಳ ನಡುವೆ ಅವರು ನಡೆದು ಬಂದರೆ ಮಾರುವವರೇ ಒಂದು ಗಳಿಗೆ ಸುಮ್ಮನಾಗುತ್ತಿದ್ದರು. ಒಂದು ಕಾಯಿ ತೆಗೆದು, ಸಿಪ್ಪೆಯನ್ನು ಹೆಬ್ಬೆರಳಲ್ಲಿ ಉಜ್ಜಿ, ಬೆರಳು ಮೂಸಿ, ಹುಬ್ಬೆತ್ತಿದರೆ ಆ ಚೀಲ ಪಾಸು. ಅಕ್ಕಪಕ್ಕದ ಗಿರಾಕಿಗಳೂ ಅಲ್ಲೇ ಮುತ್ತಿಕೊಳ್ಳುತ್ತಿದ್ದರು. ನಮ್ಮ ಬಳಗದಲ್ಲಿ ಯಾರ ಮನೆಯಲ್ಲಿ ಅವರೆ ಸಾರಾದರೂ ಕಾಯಿ ಆರಿಸಿಕೊಟ್ಟವರು ಮಾವನೇ.

ಒಂದು ಮಳೆಗಾಲದಲ್ಲಿ ಅವರಿಗೆ ಕೆಟ್ಟ ಜ್ವರ ಬಂತು. ವಾರಗಟ್ಟಲೆ ಮಲಗಿ ಎದ್ದರು. ಎದ್ದವರು ಮೊದಲಿನಂತೆಯೇ ಗೇಟಿನ ಬಳಿ ಬಂದು ನಿಂತರು, ಮೊದಲಿನಂತೆಯೇ ಕಾಯಿ ಉಜ್ಜಿ ಹುಬ್ಬೆತ್ತಿದರು. ಅವರೆ ಕಾಲದ ಆರಂಭದಲ್ಲಿ ಅವರು ತಂದುಕೊಟ್ಟ ಕಾಯಿಯ ಸಾರು ಒಂದೆರಡು ಸಲ ಸಪ್ಪೆಯೆನಿಸಿತು. ಇನ್ನೂ ಇಬ್ಬನಿ ಬಿದ್ದಿಲ್ಲ, ಅದಕ್ಕೇ ಸೊಗಡು ಕೂಡಿಲ್ಲ ಎಂದುಕೊಂಡೆವು.

ಅದೇ ಚಳಿಗಾಲದಲ್ಲಿ ಅವರ ಮಗಳು ಸವಿತಾಳ ಮದುವೆ. ಹುಡುಗನನ್ನು ಅವಳೇ ಮೆಚ್ಚಿಕೊಂಡದ್ದು, ದಾವಣಗೆರೆ ಕಡೆಯ ಲಿಂಗಾಯತರ ಮನೆ. ಮಾವ ಮದುವೆಗೆ ಬೇಗ ಒಪ್ಪಿದರು. ಅವರಿಗೆ ಸಂಕಟ ಶುರುವಾದದ್ದು ಬೀಗರೂಟ ಎನ್ನುವಾಗ. ನಮ್ಮ ಗೌಡರ ಮನೆಗಳಲ್ಲಿ ಬೀಗರೂಟವೆಂದರೆ ಬಾಡೂಟ, ಅದು ಸರಿಯಾಗದಿದ್ದರೆ ಸಂಬಂಧವೇ ಸರಿಯಾಗಲಿಲ್ಲ ಎನ್ನುವ ಜನ ನಾವು. ಬರುವ ಬೀಗರೋ ಮೊಟ್ಟೆಯನ್ನೂ ಮುಟ್ಟದವರು. ‘ಏನು ಬಡಿಸ್ತಾನೆ ನೋಡೋಣ’ ಎಂದು ನಮ್ಮ ಕಡೆಯವರು ಆಗಲೇ ಪಿಸುಗುಟ್ಟತೊಡಗಿದ್ದರು. ಮಾವ ಎದೆ ತಟ್ಟಿ ಹೇಳಿದರು, “ಹಿತಕಿದ ಬೇಳೆ ಸಾರು, ಮುದ್ದೆ. ಬಾಡನ್ನ ಮರೀಬೇಕು, ಅಂಥಾ ಸೊಗಡಿನ ಕಾಯಿ ತರ್ತೀನಿ.” ಬೀಗರಿಗೂ ಫೋನು ಮಾಡಿ ಹಾಗೆಯೇ ಮಾತು ಕೊಟ್ಟರು.

ಊಟದ ಹಿಂದಿನ ದಿನ ಮುಂಜಾನೆ ನಾವು ಮಾರ್ಕೆಟ್ಟಿಗೆ ಹೋದೆವು. ಮಾವ ಮೊದಲ ಚೀಲದ ಮುಂದೆಯೇ ಕೂತು ಕಾಯಿ ಉಜ್ಜಿದರು. ಅದೇ ಹೊತ್ತಿಗೆ ನಮ್ಮ ಬೆನ್ನ ಹಿಂದೆ ಕೆಲಸದವರು ಮೋರಿಯ ಕಲ್ಲು ಎತ್ತಿದರು. ಆ ನಾತವನ್ನು ನಾನು ವರ್ಣಿಸುವುದಿಲ್ಲ, ನಿಮ್ಮ ಊಟ ಆಗಿರಬಹುದು. ಹೂವಿನವಳು ಬುಟ್ಟಿ ಹೊತ್ತು ಓಡಿದಳು, ಕಾಯಿ ಮಾರುವವನು ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡ, ನಾನು ಸೆರಗನ್ನು ಮೂಗಿಗೆ ತುರುಕಿದೆ. ಮಾವ ಒಬ್ಬರೇ ಅಲುಗದೆ ಕೂತು, ಬೆರಳು ಮೂಸಿ, ಹುಬ್ಬೆತ್ತಿ, “ಆಹಾ, ಏನ್ ಸೊಗಡು. ಈ ಚೀಲ ಪೂರಾ ತೂಗಪ್ಪಾ” ಎಂದರು.

ನಾನೂ ಒಂದು ಕಾಯಿ ತೆಗೆದುಕೊಂಡು ದೂರ ಹೋಗಿ ಉಜ್ಜಿ ನೋಡಿದೆ. ಬರೀ ಹಸಿ ಹುಲ್ಲಿನ ವಾಸನೆ. ಈ ಕಾಯಿ ನಾಳೆ ಎಲೆಗೆ ಬಂದರೆ ಬೀಗರ ಮುಂದೆ, ನಮ್ಮವರ ಮುಂದೆ ಮಾವನ ಮಾತು ಮಣ್ಣುಪಾಲು. ಇಲ್ಲೇ ಬಾಯಿ ಬಿಟ್ಟರೆ ಇಡೀ ಮಾರ್ಕೆಟ್ಟಿನ ಮುಂದೆ ಮಾವನೇ ಮಣ್ಣುಪಾಲು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಜೊತೆಗೆ ಅದು ಆ ವ್ಯಾಪಾರಿಯ ಬೋಣಿ. ದಿನದ ಮೊದಲ ವ್ಯಾಪಾರವನ್ನು ಮುರಿದು ಎದ್ದುಹೋಗುವವರನ್ನು ಮಾವ ಮನುಷ್ಯರೆಂದೇ ಎಣಿಸುವುದಿಲ್ಲ.

“ಮಾವ, ಇದು ನಮ್ಮನೆಗಿರಲಿ, ಸ್ವಲ್ಪ ತಗೋತೀನಿ. ಬೀಗರಿಗೆ ಇನ್ನೊಂದು ಸುತ್ತು ನೋಡ್ಕೊಂಡು ಬರೋಣ” ಎಂದು ಒಂದಿಷ್ಟನ್ನು ತೂಗಿಸಿಕೊಂಡು ಬೋಣಿ ಉಳಿಸಿದೆ. ಆ ವಾರವೆಲ್ಲ ನಮ್ಮ ಮನೆಯವರು ಆ ಸಪ್ಪೆ ಕಾಳನ್ನು ಉಪ್ಪಿಟ್ಟಿನಲ್ಲಿ, ಪಲ್ಯದಲ್ಲಿ, ರೊಟ್ಟಿಯಲ್ಲಿ ತಿಂದರು. ಕಾರಣ ಯಾರಿಗೂ ಹೇಳಿಲ್ಲ.

ಮಾವ ಮುಖ ಗಂಟಿಕ್ಕಿಕೊಂಡು ಟೀ ಅಂಗಡಿಯ ತನಕ ಬಂದರು. “ಯಾಕಮ್ಮ, ನನ್ನ ಮೂಗಿನ ಮೇಲೆ ನಂಬಿಕೆ ಇಲ್ವಾ?”

“ಮೋರಿ ತೆಗೆದ್ರಲ್ಲ ಮಾವ, ಅಲ್ಲಿ ನಿಲ್ಲಕ್ಕಾಗ್ಲಿಲ್ಲ.”

“ಯಾವ ಮೋರಿ?”

ನಾನು ಕೈ ತೋರಿಸಿದೆ. ಆ ಕಡೆಯ ಜನ ಇನ್ನೂ ಮೂಗಿಗೆ ಬಟ್ಟೆ ಕಟ್ಟಿಕೊಂಡೇ ಓಡಾಡುತ್ತಿದ್ದರು. ಮಾವ ಅದನ್ನು ತುಂಬಾ ಹೊತ್ತು ನೋಡಿದರು.

“ಅಷ್ಟೊಂದು ನಾತಾನಾ?” ಎಂದು ಮೆಲ್ಲಗೆ ಕೇಳಿದರು. ಆಮೇಲೆ ಟೀ ಲೋಟವನ್ನು ಬದಿಗಿಟ್ಟು, “ಜ್ವರ ಬಂದೋದ್ಮೇಲೆ ಏನೂ ಇಲ್ಲ ಕಣಮ್ಮ. ಇವತ್ತು ಬರ್ತದೆ, ನಾಳೆ ಬರ್ತದೆ ಅಂತ ನೋಡ್ತಾನೇ ಇದೀನಿ. ಊದಿನಕಡ್ಡಿನೂ ಅಷ್ಟೇ, ಸೀಮೆಎಣ್ಣೆನೂ ಅಷ್ಟೇ” ಎಂದರು.

“ಅತ್ತೆಗೆ ಹೇಳಿದೀರಾ?”

“ಹೇಳಿದ್ರೆ ಸಂತೆಗೆ ಬಿಡ್ತಾಳಾ? ನಾಳೆಯಿಂದ ಅವ್ಳೂ ನಿನ್ನಂಗೆ ಫೋನಲ್ಲಿ ತರಿಸ್ಕೊತಾಳೆ. ನಾನು ಟೀವಿ ಮುಂದೆ ಕೂತ್ಕೊಬೇಕು. ಸಂತೇಲಿ ಒಂದು ಕಾಯಿ ಆರ್ಸಕ್ಕಾಗ್ದಿದ್ರೆ ನಾನ್ಯಾರು ಹೇಳು?”

ನನಗೆ ದುಃಖ ಒತ್ತರಿಸಿ ಬಂತು. ಆದರೆ ಅಳುತ್ತಾ ಕೂರುವ ಹೊತ್ತಲ್ಲ ಅದು, ನಾಳೆ ಬೀಗರು ಎಲೆಯ ಮುಂದೆ ಕೂರುವವರಿದ್ದರು. “ಏಳಿ ಮಾವ. ನಾನು ಮೂಸ್ತೀನಿ, ನೀವು ಹೇಳಿ” ಎಂದೆ.

ಮಾರ್ಕೆಟ್ಟನ್ನು ಹಾಗೆ ಸುತ್ತಿದ್ದು ಅದೇ ಮೊದಲು. “ಕಾಯಿ ಮೂಸ್ಬೇಡ, ಸಿಪ್ಪೆ ಉಜ್ಜಿ ಕೈ ಮೂಸು. ಏನ್ ಬರ್ತಿದೆ?” “ಹುಲ್ಲು ಮಾವ.” “ಬಿಡು. ಮುಂದೆ ನಡಿ.” ಇನ್ನೊಂದು ಚೀಲ. “ಏನೋ ಸಿಹಿ ಥರ.” “ಬಲಿತಿಲ್ಲ, ಬಿಡು.” ಮಾಗಡಿ ಕಡೆಯಿಂದ ಬಂದ ಹೆಂಗಸೊಬ್ಬಳು ಮೂಲೆಯಲ್ಲಿ ಇಬ್ಬನಿ ಆರದ ಕಾಯಿಗಳನ್ನು ಗೋಣಿಯ ಮೇಲೆ ಸುರಿಯುತ್ತಿದ್ದಳು. ಉಜ್ಜಿ ಮೂಸಿದೆ. “ಎಣ್ಣೆ... ಘಾಟು... ಗಂಟಲಲ್ಲೇ ನಿಂತ್ಕೊಳ್ತಿದೆ” ಎಂದು ತೊದಲಿದೆ. ಮಾವ ನನ್ನ ಮುಖವನ್ನೇ ನೋಡುತ್ತಿದ್ದರು. “ಬೆಳಿಗ್ಗೆ ಸಾಲಲ್ಲಿ ನಡೆದ್ರೆ ನಮ್ಮಪ್ಪನ ಪಂಚೆಗೆಲ್ಲ ಅದೇ ಹತ್ಕೊಳ್ಳೋದು. ತೂಗ್ಸು” ಎಂದರು.

ಬೀಗರೂಟ ಗೆದ್ದಿತು. ಹುಡುಗನ ತಂದೆ ಜವಳಿ ಅಂಗಡಿಯವರು, ಅಳೆದು ಮಾತಾಡುವ ಮನುಷ್ಯ. ಅವರೇ ಮೂರನೇ ಸಲ ಸಾರು ಹಾಕಿಸಿಕೊಂಡು, “ಇಂಥಾ ಸಾರು ನಾ ಎಲ್ಲೂ ಉಂಡಿಲ್ರಿ. ಕಾಯಿ ಯಾರು ಆರಿಸಿದ್ರಿ?” ಎಂದರು. ನಮ್ಮ ಕಡೆಯವರೆಲ್ಲ ಒಟ್ಟಿಗೆ ಮಾವನನ್ನು ತೋರಿಸಿದರು. ಮಾವ ನಕ್ಕರು. ತಮ್ಮ ಮುದ್ದೆ ಮುರಿಯುತ್ತಾ ಎಲ್ಲರ ಎಲೆಗಳನ್ನೂ ಒಂದೊಂದಾಗಿ ನೋಡುತ್ತಿದ್ದರು. ತಾವು ಕಾಣದ ರುಚಿಯನ್ನು ಅವರು ಬೇರೆಯವರ ಮುಖಗಳಲ್ಲಿ ಹುಡುಕುತ್ತಿದ್ದಾರೆಂದು ನನಗೊಬ್ಬಳಿಗೇ ಗೊತ್ತೆಂದುಕೊಂಡಿದ್ದೆ.

ಪಾತ್ರೆ ತೊಳೆಯುವಾಗ ಅತ್ತೆ ಪಕ್ಕಕ್ಕೆ ಬಂದರು. “ಕಾಯಿ ನೀನೇ ತಾನೇ ಆರ್ಸಿದ್ದು?” ನಾನು ತೊಳೆದಿಟ್ಟ ಸೌಟನ್ನೇ ಮತ್ತೆ ತೊಳೆಯತೊಡಗಿದೆ. “ಹೋದ ತಿಂಗ್ಳು ಸಾರು ತಳ ಹಿಡ್ದು ಮನೆಯೆಲ್ಲ ಸೀದ ವಾಸ್ನೆ. ಇವ್ರು ಉಂಡು ಚೆನ್ನಾಗಿದೆ ಅಂದ್ರು. ಮದ್ವೆ ಆದಾಗ್ನಿಂದ ನನ್ನ ಅಡುಗೆನ ಚೆನ್ನಾಗಿದೆ ಅಂದ ಮನುಷ್ಯ ಅಲ್ಲ. ಅವತ್ತೇ ಗೊತ್ತಾಯ್ತು.”

“ಮತ್ತೆ ಯಾಕತ್ತೆ ಸುಮ್ನಿದೀರಿ?”

“ಅವ್ರಾಗೇ ಹೇಳ್ಲಿ ಅಂತ. ಸಂತೇನೂ ಕಿತ್ಕೊಂಡ್ರೆ ಆ ಮನುಷ್ಯಂಗೆ ಇನ್ನೇನಿದೆ?” ಎಂದು ಅತ್ತೆ ದೊಡ್ಡ ಪಾತ್ರೆಯನ್ನು ನನ್ನ ಕಡೆ ತಳ್ಳಿದರು.

ಅಂದಿನಿಂದ ನಮ್ಮದೊಂದು ಒಳ ಒಪ್ಪಂದ. ಮಾವ ಎಂದಿನಂತೆ ಕಾಯಿ ಉಜ್ಜಿ, ಮೂಸಿದಂತೆ ಮಾಡಿ, “ನೀನೂ ನೋಡು” ಎಂದು ನನಗೆ ಕೊಡುವುದು. ನಾನು “ಹೂಂ ಮಾವ” ಎಂದರೆ ಕೊಳ್ಳುವುದು, “ನೋಡೋಣ ಮಾವ” ಎಂದರೆ ಮುಂದೆ ನಡೆಯುವುದು. ಸ್ಕೂಟರಿನ ಹಿಂದೆ ಕೂತು ಅವರು ಎಲ್ಲದರ ವಾಸನೆಯನ್ನೂ ಕೇಳುತ್ತಾರೆ. ಸಂಡೇ ಬಜಾರಿನ ಹಳೇ ಟ್ರಂಕಿನ ಒಳಗೆ ಹೇಗಿತ್ತು, ಕೆಂಗೇರಿಯ ಹಸಿ ಮಡಕೆ ಹೇಗಿತ್ತು, ಹಸಿ ಬಿದಿರು ಹೇಗಿತ್ತು. ‘ಚೆನ್ನಾಗಿತ್ತು’ ಎಂದರೆ ಒಪ್ಪುವುದಿಲ್ಲ. ಅವರಿಗೆ ಬಿಡಿಸಿ ಹೇಳಬೇಕಾಗಿ ಬಂದು ನನಗೂ ಒಂದು ಮೂಗು ಬಂತು. ಅದರ ಬಗ್ಗೆ ಸಣ್ಣ ಜಂಬವೂ ಬಂದಿದೆ, ಮುಚ್ಚಿಡುವುದೇಕೆ.

ಇಷ್ಟು ಚಳಿಗಾಲ ಕಳೆದರೂ ಮಾವ ಮಾತ್ರ ಯಾರ ಮುಂದೆಯೂ ಬಾಯಿ ಬಿಟ್ಟಿರಲಿಲ್ಲ. ಇವತ್ತು ಬೆಳಿಗ್ಗೆಯೂ ಉಜ್ಜುವ, ಹುಬ್ಬೆತ್ತುವ ಆಟ ಮುಗಿಸಿ ನಾವು ತೂಗಿಸುತ್ತಾ ನಿಂತಿದ್ದೆವು. ಚಿಕ್ಕ ವಯಸ್ಸಿನ ಹೆಣ್ಣುಮಗಳೊಬ್ಬಳು ಕೈಚೀಲ ಹಿಡಿದು ಬಂದು ಮಾವನನ್ನೇ ಕೇಳಿದಳು. “ಅಂಕಲ್, ಇದ್ರಲ್ಲಿ ಸೊಗಡು ಇದೆಯಾ? ನಮ್ಮತ್ತೆ ನೋಡ್ಕೊಂಡೇ ತಾ ಅಂದಿದಾರೆ. ನಂಗೆ ಗೊತ್ತಾಗಲ್ಲ, ಮೊದಲ್ನೇ ಸಲ ಬಂದಿರೋದು.”

ಮಾವ ಒಂದು ಕಾಯಿ ಎತ್ತಿಕೊಂಡರು, ಸಿಪ್ಪೆ ಉಜ್ಜಿದರು. ನಾನು ನನ್ನ ಸರದಿಗೆ ಕಾಯುತ್ತಿದ್ದೆ. ಅವರು ಆ ಹುಡುಗಿಯ ಮುಖ ನೋಡಿದರು. ಬೆರಳು ಮೂಗಿನ ತನಕ ಹೋಗಲಿಲ್ಲ. ಕಾಯಿಯನ್ನು ಚೀಲಕ್ಕೆ ಹಾಕಿ, “ನಂಗೆ ವಾಸ್ನೆ ಬರಲ್ಲ ಕಣಮ್ಮ. ಜ್ವರ ಬಂದಾಗ ಹೋಗಿದ್ದು, ಬರ್ಲೇ ಇಲ್ಲ” ಎಂದರು, ಅಕ್ಕಪಕ್ಕದವರಿಗೆಲ್ಲ ಕೇಳುವ ಹಾಗೆ. ತೂಗುತ್ತಿದ್ದವನು ಕೈ ನಿಲ್ಲಿಸಿ ಮಾವನನ್ನು ನೋಡಿದ. ಮಾವ ತಲೆ ತಗ್ಗಿಸಲಿಲ್ಲ. “ನಮ್ ಹುಡ್ಗಿ ಹೇಳ್ತಾಳೆ, ಅವ್ಳನ್ನ ಕೇಳು” ಎಂದು ಅರ್ಧ ತಲೆ ನರೆತ ನನ್ನನ್ನು ಮುಂದಕ್ಕೆ ಬಿಟ್ಟರು.

ನಾನು ಕಾಯಿ ತೆಗೆದು ಉಜ್ಜಿದೆ, ಮೂಸಿದೆ. “ಇದೆ, ತಗೊಳ್ಳಿ” ಎಂದೆ.

ಅವಳು ಅನುಮಾನದಿಂದ ನನ್ನನ್ನೊಮ್ಮೆ, ಚೀಲವನ್ನೊಮ್ಮೆ ನೋಡಿದಳು. “ಗ್ಯಾರಂಟಿನಾ ಆಂಟಿ?”

ನಾನು ಬಾಯಿ ತೆರೆಯುವ ಮೊದಲೇ ಮಾವ ಹೇಳಿದರು, “ಧೈರ್ಯವಾಗಿ ತಗೋ. ಕಲ್ಸಿರೋನು ನಾನು.”