ಜಗುಲಿ ಇಲ್ಲದ ಮಳಿಗೆ

ಯಲಹಂಕದ ಹಳೇ ಪೇಟೆಯಲ್ಲಿ ನಾನು ಮಳಿಗೆ ಕೊಂಡ ಕಥೆ ಎತ್ತಿದರೆ ನಮ್ಮವರು ಇವತ್ತಿಗೂ ನಗುತ್ತಾರೆ. ನಗಲಿ. ಎಂಬತ್ತರ ದಶಕದ ಮೊದಲ ವರ್ಷಗಳು ಅವು. ಗದಗಿನ ಕಡೆಯಿಂದ ಬಂದ ನಾನು ಇಲ್ಲಿನ ಖಾಸಗಿ ಶಾಲೆಯೊಂದರಲ್ಲಿ ಗಣಿತ ಕಲಿಸುತ್ತಿದ್ದೆ. ಪಿಂಚಣಿ ಇಲ್ಲ, ಮದುವೆಯೂ ಆಗಿರಲಿಲ್ಲ. ಮುಪ್ಪಿನಲ್ಲಿ ಯಾರ ಮುಂದೆಯೂ ಕೈಯೊಡ್ಡಬಾರದೆಂಬ ಹಟಕ್ಕೆ ಅವ್ವನ ಬಳೆ, ಸರ ಮಾರಿದೆ. ಸಾಲದ್ದಕ್ಕೆ ಸಹಕಾರಿ ಬ್ಯಾಂಕಿನಲ್ಲಿ ಸಾಲ ಮಾಡಿದೆ. ಬಾಡಿಗೆಯಲ್ಲಿ ಕಂತು ತೀರಬೇಕು, ಆಮೇಲೆ ಅದೇ ನನ್ನ ಪಿಂಚಣಿ.

ಮಾರಿದವರು ಅಲ್ಲಾಳಸಂದ್ರದ ಕಡೆಯ ಜಮೀನುದಾರರೊಬ್ಬರು, ಪೇಟೆಗೆಲ್ಲ ಅವರೇ ಯಜಮಾನರು. ಎಳನೀರು ಕುಡಿಸಿದರು, ತಟ್ಟೆಯಲ್ಲಿ ಎಲೆ ಅಡಿಕೆಯ ಜೊತೆ ಬೀಗದ ಕೈ ಇಟ್ಟು ಕೊಟ್ಟರು. ನೋಂದಣಿ ಕಚೇರಿಯಲ್ಲಿ ಪತ್ರ ಬರೆಯುವವನು ನಾಲ್ಕು ದಿಕ್ಕಿನ ಗಡಿಯನ್ನೂ ಗಟ್ಟಿಯಾಗಿಯೇ ಓದಿದ: "ಪೂರ್ವಕ್ಕೆ ಮಾರಾಟಗಾರರ ಜಗುಲಿ, ಅದರಾಚೆ ರಸ್ತೆ." ನಾನು ತಲೆಯಾಡಿಸಿದೆ. ನಮ್ಮ ಕಡೆ ಬಾಗಿಲ ಮುಂದಿನ ಕಟ್ಟೆ ಮನೆಯದ್ದೇ. ಅದನ್ನು ಬೇರೆ ಮಾಡಿ ಯಾರೂ ಮಾರುವುದಿಲ್ಲ. ಮಾರಾಟಗಾರರದ್ದು ಇನ್ನು ನನ್ನದೇ ತಾನೆ ಎಂದುಕೊಂಡೆ. ಪ್ರಶ್ನೆಯನ್ನು ಎರಡು ಸಲ ಓದಿ ಎಂದು ದಿನವೂ ಮಕ್ಕಳ ಮುಂದೆ ಬಡಿದುಕೊಳ್ಳುತ್ತಿದ್ದವಳು ನಾನು! ನೆನೆದರೆ ಈಗಲೂ ಮೈ ಉರಿಯುತ್ತದೆ.

ಒಬ್ಬ ದರ್ಜಿ ಬಾಡಿಗೆಗೆ ಬಂದ. ಮೊದಲ ಸಂತೆಯ ದಿನವೇ ಜಗುಲಿಯ ತುಂಬ ವೀಳ್ಯದೆಲೆಯವರು, ಬೆಳ್ಳುಳ್ಳಿಯವರು ಕೂತಿದ್ದರು. ಬಾಗಿಲಿಗೆ ಹೋಗಲು ಕಾಲಿಡುವಷ್ಟೂ ಜಾಗವಿಲ್ಲ. ಯಜಮಾನರು ನಿಂತು ಅವರಿಂದ ನೆಲದ ಬಾಡಿಗೆ ಎತ್ತುತ್ತಿದ್ದರು.

"ಏನ್ರೀ ಇದು? ಮಳಿಗಿ ನಂದಲ್ಲೇನ್ರಿ?" ಎಂದು ಕೂಗಾಡಿದೆ.

"ಒಳಗಡೆ ನಿಮ್ದೇ ಕಣಮ್ಮ. ಜಗುಲಿ ನಮ್ದು. ನಮ್ ತಾತನ ಕಾಲ್ದಿಂದ್ಲೂ ಇಂಗೇ ನಡ್ಕೊಂಡ್ ಬಂದೈತೆ."

ಸಂತೆಯಿಲ್ಲದ ದಿನಗಳಲ್ಲಿ ಅಲ್ಲಿ ಖಾಲಿ ಕುಕ್ಕೆಗಳ ರಾಶಿ ಹಾಕಿಸಿದರು. ಎರಡೇ ತಿಂಗಳಿಗೆ ದರ್ಜಿ ಹೊಲಿಗೆ ಯಂತ್ರ ಹೊತ್ತುಕೊಂಡು ಹೋದ. ಮರುವಾರವೇ ಯಜಮಾನರು ಮನೆಗೆ ಬಂದು, ಅಯ್ಯೋ ಪಾಪ ಎನ್ನುವ ಮುಖ ಮಾಡಿ, ಅರ್ಧ ಬೆಲೆಗೆ ವಾಪಸ್ ತಗೊಳ್ಳುತ್ತೇನೆ ಅಂದರು. ಕೊಟ್ಟೇಬಿಡುತ್ತಿದ್ದೆನೇನೋ. ಜಗುಲಿಯಲ್ಲಿ ಎಲೆ ಮಾರುವ ಅಜ್ಜಿ ಕೈ ಹಿಡಿದು ಕೂರಿಸಿಕೊಂಡಳು.

"ಮೂರ್ ಸಲ ಇಂಗೇ ಮಾರವ್ರೆ, ಮೂರ್ ಸಲನೂ ಅರ್ಧಕ್ಕೇ ಇಸ್ಕೊಂಡವ್ರೆ. ಎಲ್ಲಾ ನಿನ್ನಂಗೇ ಪರಸ್ಥಳದೋರು. ನೀನು ನಾಲ್ಕನೇಯೋಳು ಕಣವ್ವ."

ಅಂಥ ಸಿಟ್ಟು ನನಗೆ ಅದಕ್ಕೆ ಮುಂಚೆ ಬಂದಿರಲಿಲ್ಲ. ಮಾರುವುದಿಲ್ಲ ಎಂದು ಹೇಳಿ ಕಳಿಸಿದೆ. ಸಂಜೆ ಶಾಲೆ ಮುಗಿಸಿ ಮಳಿಗೆಯಲ್ಲೇ ಮನೆಪಾಠ ಶುರು ಮಾಡಿದೆ. ದೊಡ್ಡವರು ದಾಟಲಾರದ ಕುಕ್ಕೆಗಳನ್ನು ಮಕ್ಕಳು ಹಾರಿಕೊಂಡು ಬಂದರು. ಕೆಲವೇ ತಿಂಗಳಲ್ಲಿ ಜಗುಲಿಯ ಕುಕ್ಕೆಗಳ ಸಂದಿಯಲ್ಲೆಲ್ಲ ಚಪ್ಪಲಿ, ಬ್ಯಾಂಕಿನ ಕಂತಿಗೆ ಸಾಕಾಗುವಷ್ಟು ದುಡ್ಡು. ಯಜಮಾನರ ಮೊಮ್ಮಗಳೂ ಬರುತ್ತಿದ್ದಳು. ಅವಳ ತಾಯಿ ಅವರಿಗೆ ಹೇಳದೆ ಕಳಿಸುತ್ತಿದ್ದಳು. ಗಣಿತವೆಂದರೆ ಅಳುತ್ತಿದ್ದ ಹುಡುಗಿ.

ಒಂದು ಸಂಜೆ ಯಜಮಾನರು ಬೀದಿಯಲ್ಲಿ ನಿಂತು ಗುಡುಗಿದರು. "ಚಪ್ಲಿ ತೆಗ್ಸಿ ಮೇಡಂ. ಜಗುಲಿ ನಂದು."

"ಜಗುಲಿ ನಿಮ್ದೇರಿ. ಆ ಕೆಂಪು ಚಪ್ಪಲಿನೂ ನಿಮ್ದೇ ನೋಡ್ರಿ, ನಿಮ್ಮ ಮೊಮ್ಮಗಳದ್ದು," ಎಂದು ಬೆರಳು ಮಾಡಿ ತೋರಿಸಿದೆ. ಬೀದಿಯ ಜನ ನಕ್ಕರು. ಅವರು ಬೆನ್ನು ತಿರುಗಿಸಿ ಹೋದರು. ಎಷ್ಟು ಖುಷಿಪಟ್ಟೆ ಆಗ!

ಮರುದಿನದಿಂದ ಹುಡುಗಿ ಬರಲಿಲ್ಲ. ಶಾಲೆಯನ್ನೂ ಬಿಡಿಸಿದರೆಂದು ಅಜ್ಜಿ ಹೇಳಿದಳು. ಭಿನ್ನರಾಶಿ ಆಗಷ್ಟೇ ಅವಳ ಹಿಡಿತಕ್ಕೆ ಬರುತ್ತಿತ್ತು.

ಸಾಲ ತೀರಿತು. ಮಳಿಗೆ ಇವತ್ತಿಗೂ ನನ್ನದೇ. ಅದನ್ನು ನನಗೆ ಮಾರಿದ ರೀತಿಯನ್ನು ಬೇಕಾದರೆ ಮರೆತೇನು, ಮಗುವಿಗೆ ಮಾಡಿದ್ದನ್ನು ಮರೆಯಲಾರೆ. ಚಪ್ಪಲಿ ತೋರಿಸಿದ ನನ್ನ ಬೆರಳಿನ ಮೇಲೂ ಅಷ್ಟೇ ಸಿಟ್ಟಿದೆ.